ಏಳನೆಯ ಮೂಲೆಯಲ್ಲಿ ಯಾರೂ ಓಗೊಡಲಿಲ್ಲ

ಹೋದ ವಾರ ಗ್ರಂಥಾಲಯದ ಬೀಗ ತೆಗೆಯುವಾಗ ಮೈದಾ ಅಂಟಿನ ವಾಸನೆ ಬಂತು. ಪಕ್ಕದ ಗೋಡೆಗೆ ಪಟ್ಟಣ ಪಂಚಾಯಿತಿಯ ನೌಕರನೊಬ್ಬ ಹೊಸ ನೋಟಿಸು ಅಂಟಿಸುತ್ತಿದ್ದ. ಹಳೆಯ ಬಣ್ಣದ ಡಬ್ಬಿಯಲ್ಲಿ ಕುದಿಸಿ ತಂದ ಅಂಟು ಇನ್ನೂ ಬೆಚ್ಚಗಿತ್ತು. ಬ್ರಷ್ಷು ಅದ್ದಿ ಗೋಡೆಗೆ ಎಳೆದ, ಹಾಳೆ ಇಟ್ಟ, ಅಂಗೈಯಿಂದ ಸವರಿದ, ಮುಂದಿನ ಗೋಡೆಗೆ ಹೋದ. ಎಲ್ಲ ಸೇರಿ ಒಂದು ನಿಮಿಷವೂ ಆಗಲಿಲ್ಲ. ಊರಿಗೆ ವಿಷಯ ತಿಳಿಸಿದ್ದು ಮುಗಿಯಿತು.

ಬೀಗದ ಕೈ ಹಿಡಿದುಕೊಂಡು ಅಲ್ಲೇ ನಿಂತೆ. ಸಾರೋ ತಾತ ನೆನಪಾದರು.

ಅವರಿಗೊಂದು ಹೆಸರಿತ್ತು. ಪಂಚಾಯಿತಿಯ ಪುಸ್ತಕದಲ್ಲಿ ಅದನ್ನು ನಾನೇ ಓದಿದ್ದೇನೆ. ಆದರೆ ಊರಿನಲ್ಲಿ ಯಾರೂ ಆ ಹೆಸರು ಹಿಡಿದು ಕರೆದದ್ದನ್ನು ಕೇಳಿಲ್ಲ. ಜಮೀನಿದ್ದವರಿಗೆ ಅವರು ಬರೀ 'ಲೇ', ಉಳಿದವರಿಗೆ ಸಾರೋ ತಾತ. ತಮಟೆ ಬಾರಿಸಿ ಊರಿಗೆ ಸುದ್ದಿ ಸಾರುವುದು ಅವರ ಕೆಲಸವಾಗಿತ್ತು. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ನಾನು ಚಳ್ಳಕೆರೆಯವಳು. ಹದಿನಾಲ್ಕು ವರ್ಷದಿಂದ ಬೆಳಗಿನ ಬಳ್ಳಾರಿ ಬಸ್ಸು ಹತ್ತಿ ಮೊಳಕಾಲ್ಮೂರು ತಾಲ್ಲೂಕಿನ ಈ ಊರಿನ ಗ್ರಂಥಾಲಯಕ್ಕೆ ಬರುತ್ತಿದ್ದೇನೆ. ಊರಿನ ಹೆಸರು ಬೇಡ. ರಾಂಪುರದ ಕಡೆಯ ದೊಡ್ಡ ಊರು ಅಂದರೆ ಸಾಕು. ಅರ್ಧ ಬೀದಿಗಳಲ್ಲಿ ಕನ್ನಡ, ಅರ್ಧ ಬೀದಿಗಳಲ್ಲಿ ತೆಲುಗು. ಗ್ರಂಥಾಲಯವೆಂದರೆ ಪಂಚಾಯಿತಿ ಕಟ್ಟಡದ ಮುಂದಿನ ಒಂದು ಕೋಣೆ, ಎರಡು ಬೆಂಚು, ನಾಲ್ಕು ಬೀರು. ಎದುರಿಗೆ ಬಸ್ಸು ನಿಲ್ಲುವ ಜಾಗ, ಅದರ ಮಗ್ಗುಲಿಗೆ ಹೋಟೆಲು.

ಆಗ ಇದು ಗ್ರಾಮ ಪಂಚಾಯಿತಿ. ಗ್ರಾಮಸಭೆ, ಲಸಿಕೆ, ಪಡಿತರ, ನೀರು ಬಿಡುವ ದಿನದ ಬದಲಾವಣೆ, ಏನೇ ಇದ್ದರೂ ಕಚೇರಿಯವರು ಒಂದು ಚೀಟಿ ಬರೆದು ತಾತನ ಕೈಗೆ ಕೊಡುತ್ತಿದ್ದರು. ತಾತನಿಗೆ ಓದು ಬರುತ್ತಿರಲಿಲ್ಲ. ಚೀಟಿ ಹಿಡಿದು ನೇರ ನನ್ನ ಬಳಿ ಬರುತ್ತಿದ್ದರು. ಮೊದಲ ವರ್ಷವೆಲ್ಲ ಹೊಸ್ತಿಲಿನ ಆಚೆಯೇ ನಿಂತರು. ಒಳಗೆ ಬರ್ರಿ ಅಂದರೂ ಬರಲಿಲ್ಲ. ಕೊನೆಯ ಬೀದಿಯವರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಊರು ಅವರಿಗೆ ಅರವತ್ತು ವರ್ಷ ಕಲಿಸಿತ್ತು. ನಾನು ಒಂದು ಸಲ ಕರೆದ ಮಾತ್ರಕ್ಕೆ ಅದು ಹೋಗುವಂಥದ್ದಲ್ಲ. ಎರಡನೇ ಬೇಸಿಗೆಯಲ್ಲಿ ಒಂದು ದಿನ ಬಿಸಿಲು ತಡೆಯಲಾರದೆ ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತರು. ಆಮೇಲೆ ಆ ತುದಿ ಅವರದೇ ಆಯಿತು.

ಚೀಟಿಯನ್ನು ನಾನು ಎರಡು ಸಲ ಓದಬೇಕಿತ್ತು. ಮೊದಲ ಸಲ ಕಣ್ಣು ಮುಚ್ಚಿ ಕೇಳುವರು. ಎರಡನೇ ಸಲ ತುಟಿ ಆಡಿಸುವರು. ಆಮೇಲೆ ವಾರ, ತಾರೀಖು, ಗಂಟೆ ಒಂದೂ ತಪ್ಪದಂತೆ ಒಪ್ಪಿಸುವರು. 'ತಪ್ಪದೆ ಹಾಜರಾಗತಕ್ಕದ್ದು' ಎಂದು ಬರೆದಿದ್ದರೆ ಅದು ಅವರ ಬಾಯಲ್ಲಿ 'ತಪ್ಪಿಸ್ಕಬ್ಯಾಡ್ರಿ' ಆಗುತ್ತಿತ್ತು. ಅಷ್ಟು ಬಿಟ್ಟರೆ ಬೇರೇನೂ ಬದಲಾಗುತ್ತಿರಲಿಲ್ಲ. ಹನ್ನೊಂದು ವರ್ಷ ಹೀಗೆ ನಡೆಯಿತು.

ಊರಿಗೆ ಹನ್ನೊಂದು ಮೂಲೆ, ಅಂದರೆ ಅವರು ನಿಂತು ಸಾರುವ ಹನ್ನೊಂದು ಜಾಗ. ಪ್ರತಿ ಮೂಲೆಯಲ್ಲಿ ತಮಟೆಗೆ ಮೂರು ಏಟು, ಆಮೇಲೆ ಸುದ್ದಿ, ಕೊನೆಗೆ ಒಂದು ಪ್ರಶ್ನೆ: "ಕೇಳಿಸ್ತಾ?" ತೆಲುಗು ಬೀದಿಗಳಲ್ಲಿ ಅದನ್ನೇ "ವಿನಪಡಿಂದಾ?" ಎನ್ನುತ್ತಿದ್ದರು. ಆ ಬೀದಿಯವರು ಯಾರಾದರೂ ಒಬ್ಬರು "ಕೇಳಿಸ್ತು ತಾತ" ಎಂದು ಓಗೊಡಬೇಕು. ಓಗೊಡುವ ತನಕ ಅವರು ಆ ಮೂಲೆ ಬಿಟ್ಟು ಕದಲುವವರಲ್ಲ. ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ ಅದು. ಒಮ್ಮೆ ಗ್ರಂಥಾಲಯದ ಹಿಂದಿನ ಬೀದಿಯಲ್ಲಿ ಒಬ್ಬಳು ಬೇಕೆಂದೇ ಸತಾಯಿಸಿದಳು. "ಇನ್ನೊಂದು ಸಲ ಹೇಳ್ ತಾತ, ನಮ್ಮತ್ತೆಗೆ ಕಿವಿ ಮಂದ" ಅಂದಳು. ತಾತ ನಗಲಿಲ್ಲ. "ನಿಮ್ಮತ್ತೆ ಆಗ್ಲೇ ಓಗೊಟ್ಲು. ಕಿವಿ ಮಂದ ಆಗಿರೋದು ಸೊಸೆಗೆ" ಅಂದು ಮುಂದಿನ ಮೂಲೆಗೆ ನಡೆದರು. ಅತ್ತೆ ಒಳಗಿನಿಂದ ನಕ್ಕದ್ದು ನನಗೂ ಕೇಳಿಸಿತು...

ಬೀದಿ ಓಗೊಟ್ಟಿತು ಅಂದರೆ ಸುದ್ದಿ ತಲುಪಿತು, ಆಮೇಲೆ 'ನಮಗೆ ಗೊತ್ತಿರಲಿಲ್ಲ' ಅನ್ನುವ ಹಾಗಿಲ್ಲ. ಹಾಗೆಯೇ, ಸಾರದೆ ಇದ್ದದ್ದು ಹೇಳಿದ್ದೇ ಅಲ್ಲ. ಒಂದು ವರ್ಷ ಯಾರೋ ಅಧಿಕಾರಿ ಸಾರಿಸದೆ ಗ್ರಾಮಸಭೆ ಕರೆದಿದ್ದರು. ಊರಿನಿಂದ ಒಬ್ಬರೂ ಹೋಗಲಿಲ್ಲ. ಖಾಲಿ ಕುರ್ಚಿಗಳನ್ನು ನೋಡಿ ಅವರು ಸಭೆ ಮುಂದೂಡಿದರು. ಆಮೇಲೆ ಸಾರಿಸಿ, ಹೊಸ ತಾರೀಖು ಕೊಟ್ಟು, ಮತ್ತೆ ಮಾಡಿದರು. ಊರು ಅದನ್ನು ಗೆಲುವು ಎಂದು ಬಹಳ ಕಾಲ ಹೇಳಿಕೊಂಡಿತು. ಆ ಗೆಲುವೇ ಮುಂದೆ ಊರನ್ನು ಕೆಡಿಸಿತು.

ಊರನ್ನು ಪಟ್ಟಣ ಪಂಚಾಯಿತಿ ಮಾಡುತ್ತಾರಂತೆ ಎಂಬ ಸುದ್ದಿ ಮೊದಲು ಹುಟ್ಟಿದ್ದು ಎದುರಿನ ಹೋಟೆಲಿನಲ್ಲಿ. ಜನ ಸಾಕಷ್ಟಿದ್ದಾರೆ, ಹೆದ್ದಾರಿ ಪಕ್ಕ ಇದೆ, ಆಗಲೇಬೇಕು ಎಂದು ಒಂದು ಗುಂಪು. ಚರಂಡಿ ಬರುತ್ತದೆ, ಬೀದಿದೀಪ ಬರುತ್ತದೆ, ಸೈಟಿಗೆ ಬೆಲೆ ಬರುತ್ತದೆ, ಹೆಣ್ಣು ಕೊಡುವವರು ಊರಿನ ಹೆಸರು ಕೇಳಿ ಮೂಗು ಮುರಿಯುವುದಿಲ್ಲ ಎಂದು ಅವರ ವಾದ. ಇನ್ನೊಂದು ಗುಂಪಿಗೆ ಕಂದಾಯದ ಹೆದರಿಕೆ. ನಾಳೆ ಹಿತ್ತಿಲಲ್ಲಿ ಕುರಿ ಕಟ್ಟುವುದಕ್ಕೂ ಲೈಸೆನ್ಸು ಕೇಳುತ್ತಾರೆ ಎಂದು ಒಬ್ಬ ಅಂದರೆ, ನಿನ್ನ ಕುರಿಗೆ ಆಧಾರ್ ಕಾರ್ಡು ಮಾಡಿಸು ಎಂದು ಇನ್ನೊಬ್ಬ ನಗಿಸುತ್ತಿದ್ದ. ಎರಡು ಮಾತಿನಲ್ಲೂ ಹುರುಳಿತ್ತು. ಕೂತು ತೂಗಿ ನೋಡಬೇಕಾದ ವಿಷಯವೇ ಆಗಿತ್ತು ಅದು.

ಆದರೆ ಕೊನೆಯ ನಾಲ್ಕು ಬೀದಿಗಳ ಹೆಂಗಸರಿಗೆ ಇದ್ದದ್ದು ಒಂದೇ ಪ್ರಶ್ನೆ: ಉದ್ಯೋಗ ಖಾತ್ರಿ ಕೆಲಸ. ಕೆರೆಯ ಹೂಳೆತ್ತುವುದು, ಹೊಲಕ್ಕೆ ಬದು ಹಾಕುವುದು, ಗುಂಡಿ ತೋಡುವುದು. ಆ ಕೆಲಸ ಹಳ್ಳಿಗೆ ಮಾತ್ರ. ಊರು ಪಟ್ಟಣ ಅನ್ನಿಸಿಕೊಂಡ ದಿನ ಅವರ ಕೈಯ ಕಾರ್ಡು ಬರೀ ಕಾಗದ. ತಾತನ ಮಗ ತೀರಿಕೊಂಡಿದ್ದ. ಸೊಸೆ ಆ ಹೆಂಗಸರ ಗುಂಪಿನಲ್ಲಿ ಗುದ್ದಲಿ ಹಿಡಿಯುತ್ತಿದ್ದಳು. ಮಾವ, ಸೊಸೆ, ಒಂದು ಮಗು, ಮೂರು ಜನರ ಆ ಮನೆಗೆ ಆ ಕೆಲಸವೇ ಆಧಾರ.

ನನ್ನದನ್ನೂ ಹೇಳಿಬಿಡಬೇಕು. ಪಟ್ಟಣವಾಗಲಿ ಎಂದು ನನಗೂ ಒಳಗೊಳಗೇ ಆಸೆಯಿತ್ತು. ಗ್ರಂಥಾಲಯ ದೊಡ್ಡದಾಗಬಹುದು, ನನ್ನ ನೌಕರಿ ಗಟ್ಟಿಯಾಗಬಹುದು ಎಂದುಕೊಂಡಿದ್ದೆ. ಯಾರೂ ನನಗೆ ಹಾಗೆಂದು ಹೇಳಿರಲಿಲ್ಲ.

ತಾತ ಒಂದು ದಿನ ಬೆಂಚಿನ ತುದಿಯಲ್ಲಿ ಕೂತು ಕೇಳಿದರು. "ಪಟ್ಟಣದಾಗೆ ಗ್ರಾಮಸಭೆ ಇರ್ತೈತೇನವ್ವಾ?"

ಇರುವುದಿಲ್ಲ, ಗೆದ್ದ ಸದಸ್ಯರು ಒಳಗೆ ಕೂತು ಸಭೆ ಮಾಡುತ್ತಾರೆ ಅಂದೆ.

"ಹಂಗಾದ್ರೆ ಜನ ಎಲ್ಲಿ ನಿಂತು ಕೇಳ್ಬೇಕು?"

ನಾನು ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸುವುದನ್ನು ಮುಂದುವರಿಸಿದೆ.

ನೋಟಿಸು ಬಂದದ್ದು ಅದಾದ ಒಂದು ತಿಂಗಳಿಗೆ. ಕಚೇರಿಯವರು ಗ್ರಂಥಾಲಯದ ಹೊರಗಿನ ಹಲಗೆಗೆ ಅಂಟಿಸಿ ಹೋದರು. ಎರಡೇ ದಿನದಲ್ಲಿ ಅದರ ಮೇಲರ್ಧದ ಮೇಲೆ ಕಣ್ಣಿನ ತಪಾಸಣೆ ಶಿಬಿರದ ಹಾಳೆ ಬಂದು ಕೂತಿತು. ಕೆಳಗಿನ ಅರ್ಧದಲ್ಲಿ ಇದ್ದದ್ದು ಇಷ್ಟು: ಈ ಗ್ರಾಮವನ್ನು ಪಟ್ಟಣ ಪಂಚಾಯಿತಿಯಾಗಿ ಮಾರ್ಪಡಿಸಲು ಉದ್ದೇಶಿಸಿದೆ, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಜಿಲ್ಲಾಧಿಕಾರಿಗಳಿಗೆ ಬರವಣಿಗೆಯಲ್ಲಿ ಸಲ್ಲಿಸಬೇಕು. ಮೊದಲ ದಿನವೇ ನಾನು ಅದನ್ನು ಪೂರ್ತಿ ಓದಿದ್ದೆ.

ತಾತ ಚೀಟಿಗಾಗಿ ಕಾದರು. ಚೀಟಿ ಬರಲಿಲ್ಲ. ತಾವೇ ಕಚೇರಿಗೆ ಹೋಗಿ ಕೇಳಿದರು. ಅಲ್ಲಿ ಕುರ್ಚಿಯಲ್ಲಿ ಅಧ್ಯಕ್ಷರ ಗಂಡ ಇದ್ದ. ಗೆದ್ದವರು ಹೆಂಡತಿ, ಕೂರುತ್ತಿದ್ದವನು ಇವನು. ಹೆದ್ದಾರಿ ಪಕ್ಕದ ತನ್ನ ಹೊಲಕ್ಕೆ ಆಗಲೇ ಕಲ್ಲು ನೆಟ್ಟು ಸೈಟು ಮಾಡಿದ್ದ. ಇದು ಸರ್ಕಾರದ ನೋಟಿಸು, ಸಾರುವ ಅಗತ್ಯವಿಲ್ಲ, ವಾಟ್ಸಾಪಿನಲ್ಲಿ ಹಾಕಿದ್ದೇವೆ, ನಿನ್ನ ತಮಟೆಗೂ ರಿಟೈರ್‌ಮೆಂಟ್ ಬಂತು ಎಂದು ನಕ್ಕನಂತೆ. ಕೊನೆಯ ನಾಲ್ಕು ಬೀದಿಗಳಲ್ಲಿ ಎಷ್ಟು ಜನರ ಕೈಯಲ್ಲಿ ಅಂಥ ಫೋನಿತ್ತು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಮಾಡಿದ್ದ.

ಹೆಂಗಸರು ಸುಮ್ಮನಿದ್ದರು. ಮಾತು ಹೋಟೆಲಿನಿಂದ ಅವರಿಗೂ ತಲುಪಿತ್ತು. ಆದರೆ ಸಾರಿಲ್ಲವಲ್ಲ. "ಸಾರಿದಾಗ ನೋಡಾಣ" ಅನ್ನುತ್ತಿದ್ದರು. ತಾರೀಖು ಗೊತ್ತಾದ ದಿನ ಕೆಲಸ ಬಿಟ್ಟು ಎಲ್ಲರೂ ಅರ್ಜಿ ಕೊಡಲು ಹೋಗುವುದೆಂದು ಮಾತಾಡಿಕೊಂಡಿದ್ದರು.

ತಾತ ದಿನಾ ಬಂದು, ಇನ್ನು ಎಷ್ಟು ದಿನ ಐತವ್ವಾ ಎಂದು ಕೇಳುವರು. ನಾನು ಹೇಳುವೆ. ಒಂದೆರಡು ಸಲ, ಹಂಗೇ ಸಾರಿಬಿಡ್ಲಾ ಅಂದರು. ಆದೇಶವಿಲ್ಲದೆ ಸಾರಿದರೆ ಇರುವ ಕೆಲಸವೂ ಹೋಗುತ್ತದೆ, ಬೇಡ ತಾತ ಅಂದೆ. ಅವರ ಒಳ್ಳೆಯದಕ್ಕೆ ಹೇಳಿದೆ ಎಂದು ಆಗ ಅಂದುಕೊಂಡಿದ್ದೆ...

ಇಪ್ಪತ್ತೇಳನೇ ದಿನ ಮಂಗಳವಾರ. ತಾತ ಬೆಂಚಿನ ತುದಿಯಲ್ಲಿ ಕೂರಲಿಲ್ಲ. ಹಲಗೆಯ ಮುಂದೆ ನಿಂತು, "ಓದವ್ವಾ" ಅಂದರು. ಕಣ್ಣಿನ ಶಿಬಿರದ ಹಾಳೆಯನ್ನು ಎತ್ತಿಹಿಡಿದು ಎರಡು ಸಲ ಓದಿದೆ. ಒಪ್ಪಿಸಿದರು. ಒಂದೂ ತಪ್ಪಿರಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ತಮಟೆಯ ಮೊದಲ ಸದ್ದು ಕೇಳಿಸಿತು. ಒಳಗೆ ಕೂತು ಎಣಿಸಿದೆ. ಆರು ಮೂಲೆ ಆಯಿತು, ಆರರಲ್ಲೂ ಓಗೊಟ್ಟರು. ಏಳನೆಯ ಮೂಲೆ ಗ್ರಂಥಾಲಯದ ಎದುರಿನದೇ. ನಾನು ಎದ್ದು ಬಾಗಿಲಿಗೆ ಬಂದೆ. ಹೋಟೆಲಿನ ಬೆಂಚುಗಳ ಮೇಲೆ ಇಪ್ಪತ್ತಕ್ಕೆ ಕಡಿಮೆಯಿಲ್ಲದ ಜನ. ಒಳಗೆ ಟೀವಿಯಲ್ಲಿ ಕ್ರಿಕೆಟ್ಟು. ಹೋಟೆಲಿನವನು ಟೀ ಸೋಸುತ್ತಿದ್ದ. ಮೂರು ಏಟು ಬಿತ್ತು.

"ನಮ್ಮೂರನ್ನ ಪಟ್ಟಣ ಮಾಡ್ತಾರಂತೆ. ಬ್ಯಾಡ ಅನ್ನೋರು ಬರ್ದು ಜಿಲ್ಲಾಧಿಕಾರಿಗಳಿಗೆ ಕೊಡ್ಬೇಕು. ಶುಕ್ರವಾರ ಕಡೇ ದಿನ. ಆಮ್ಯಾಲೆ ಹೇಳಿದ್ರೆ ನಡಿಯಂಗಿಲ್ಲ. ಕೇಳಿಸ್ತಾ?"

ಯಾರಾದರೂ ಬಾಯಿ ತೆರೆಯುವ ಮೊದಲೇ ಅಧ್ಯಕ್ಷರ ಗಂಡನ ಬೈಕು ಬಂತು. ಆಮೇಲೆ ನಡೆದದ್ದನ್ನು ನಾನು ಕಂಡಷ್ಟೇ ಬರೆಯುತ್ತೇನೆ.

ಅವನು ಬೈಕಿನಿಂದ ಇಳಿದು ತಾತನ ಮುಂದೆ ನಿಂತ. ತಾತನಿಗಿಂತ ಮೂವತ್ತು ವರ್ಷ ಚಿಕ್ಕವನು. "ಲೇ, ಯಾರಲೇ ನಿನಗೆ ಸಾರು ಅಂದಿದ್ದು?"

"ಕಾಗದ ಹೇಳೈತೆ ಸ್ವಾಮಿ."

"ಓದಾಕೆ ಬರ್ತೈತೇನಲೇ ನಿನಗೆ? ಓದಿ ಹೇಳಿದ್ದು ಯಾರು?"

ತಾತ ನನ್ನ ಕಡೆ ನೋಡಲಿಲ್ಲ. ನಾನು ಅವರಿಂದ ಹತ್ತು ಹೆಜ್ಜೆ ದೂರದಲ್ಲಿದ್ದೆ. "ಗ್ವಾಡೆ ಮ್ಯಾಲೆ ಅಂಟಿಸೈತಲ್ಲ ಸ್ವಾಮಿ, ಯಾರಾದ್ರೂ ಓದ್ಬೋದು" ಅಂದರು.

ಅವನು ಕೆನ್ನೆಗೆ ಹೊಡೆದ. ಒಂದೇ ಏಟು. ತಾತನ ಹೆಗಲ ಮೇಲಿನ ಟವೆಲ್ಲು ಕೆಳಗೆ ಬಿತ್ತು. ಬಗ್ಗಿ ಅದನ್ನು ಎತ್ತಿಕೊಂಡರು, ಕೊಡವಿದರು, ಹೆಗಲಿಗೆ ಹಾಕಿಕೊಂಡರು. ಆಮೇಲೆ ಅವನನ್ನು ದಾಟಿ, ಹೋಟೆಲಿನ ಕಡೆ ಮುಖ ಮಾಡಿ ಮತ್ತೆ ಕೇಳಿದರು.

"ಕೇಳಿಸ್ತಾ?"

ಯಾರೂ ಮಾತಾಡಲಿಲ್ಲ. ಅವನು ಬೈಕಿನ ಮೇಲೆ ಒರಗಿ ನಿಂತು ಬೆಂಚಿನ ಮೇಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದ. "ಓಗೊಡ್ರಿ ನೋಡಾಣ" ಅಂದ. ಒಬ್ಬ ಖಾಲಿ ಲೋಟವನ್ನೇ ತುಟಿಗೆ ಇಟ್ಟುಕೊಂಡ. ಇನ್ನೊಬ್ಬ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳತೊಡಗಿದ. ಹೋಟೆಲಿನವನು ಸೋಸಿದ ಟೀಯನ್ನೇ ಮತ್ತೆ ಸೋಸಿದ. ಟೀವಿಯಲ್ಲಿ ಯಾರೋ ಔಟಾಗಿ ಜನ ಕೂಗಿದರು, ಇಲ್ಲಿ ಒಬ್ಬರೂ ಅತ್ತ ತಿರುಗಲಿಲ್ಲ.

ನಾನು ಆ ಬೀದಿಯವಳಲ್ಲ, ಓಗೊಡಬೇಕಾದದ್ದು ಬೀದಿಯವರು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅದು ಸುಳ್ಳು. ದಿನಕ್ಕೆ ಎಂಟು ಗಂಟೆ ಆ ಬೀದಿಯಲ್ಲಿ ಕೂರುವವಳು ನಾನು. ತಲೆಯ ಮೇಲಿನ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನಾಲ್ಕು ಗಂಟೆಯಾದರೂ ತಾತ ಅಲ್ಲೇ ನಿಂತಿದ್ದರು. ಕೂರಲಿಲ್ಲ, ಬೇಡಲಿಲ್ಲ, ಬೈಯಲೂ ಇಲ್ಲ. ಒಂದು ಬಸ್ಸು ಬಂದು ನಮ್ಮ ನಡುವೆ ನಿಂತಿತು. ಜನ ಇಳಿದರು, ಹತ್ತಿದರು. ಬಸ್ಸು ಹೋದಾಗ ತಾತ ಅಲ್ಲಿರಲಿಲ್ಲ.

ಉಳಿದ ನಾಲ್ಕು ಮೂಲೆಗೆ ಅವರು ಹೋಗಲಿಲ್ಲ. ಓಗೊಡದ ಮೂಲೆಯನ್ನು ದಾಟಿ ಮುಂದಿನದಕ್ಕೆ ಹೋಗುವ ಪದ್ಧತಿ ಇರಲಿಲ್ಲ. ಆ ನಾಲ್ಕೂ ಗುದ್ದಲಿ ಹಿಡಿಯುವ ಹೆಂಗಸರ ಬೀದಿಗಳು.

ಮಾರನೇ ದಿನ ನಾನು ರಜೆ ಹಾಕಿದೆ. ಗುರುವಾರ, ಶುಕ್ರವಾರವೂ ಹಾಕಿದೆ. ರಜೆಚೀಟಿಯಲ್ಲಿ ಜ್ವರ ಎಂದು ಬರೆದೆ. ಜ್ವರ ಇರಲಿಲ್ಲ. ಚಳ್ಳಕೆರೆಯ ಮನೆಯಲ್ಲಿ ಅಡುಗೆ ಮಾಡಿದೆ, ಬಟ್ಟೆ ಒಗೆದೆ. ಓದಿ ಹೇಳಿದ್ದು ನಾನೆಂದು ಗೊತ್ತಾದರೆ ಏನಾಗುವುದೋ ಎಂಬ ಹೆದರಿಕೆ ಬಿಟ್ಟರೆ ಬೇರೆ ಯಾವ ಕಾಯಿಲೆಯೂ ಇರಲಿಲ್ಲ.

ಸೋಮವಾರ ಬಂದಾಗ ತಾತನ ಸೊಸೆ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಬುಧವಾರ ಬಂದಿದ್ದಳಂತೆ, ಗುರುವಾರ ಬಂದಿದ್ದಳಂತೆ, ಅರ್ಜಿ ಬರೆಸಲಿಕ್ಕೆ. "ಬೀಗ ಇತ್ತು ಮೇಡಂ" ಅಂದಳು. ದೂರಿನ ದನಿಯಲ್ಲಿ ಅನ್ನಲಿಲ್ಲ. ಮಾವ ಹೇಳಿದ್ದನ್ನು ನಾಲ್ಕೂ ಬೀದಿಗೆ ಹೋಗಿ ತಾನೇ ಹೇಳಿದ್ದಳು. ಆದರೆ ಹೆಂಗಸರು ಹಳೆಯ ಗ್ರಾಮಸಭೆಯ ಗೆಲುವನ್ನೇ ನೆನೆದರು. ಸಾರುವುದು ಅರ್ಧಕ್ಕೆ ನಿಂತಿದೆ, ನಮ್ಮ ಬೀದಿಗೆ ಬಂದಿಲ್ಲ, ಇನ್ನೊಂದು ಸಲ ಪೂರ್ತಿ ಸಾರಿಸಿ ಹೊಸ ತಾರೀಖು ಕೊಡಲೇಬೇಕು ಅಂದರು. ಸಾರದ ತಾರೀಖು ನಡೆಯುವುದಿಲ್ಲವೆಂದು ಖಂಡಿತವಾಗಿ ನಂಬಿ ಶುಕ್ರವಾರ ಕೆರೆಯ ಹೂಳೆತ್ತಲು ಹೋದರು. ಈಗ ಅವಳು ಕೇಳಲು ಬಂದದ್ದು ಅದನ್ನೇ.

"ಮತ್ತೆ ಯಾವಾಗ ಸಾರಿಸ್ತಾರೆ ಮೇಡಂ?"

ಇಲ್ಲ, ಮುಗಿಯಿತು ಎಂದು ಅವಳಿಗೆ ಹೇಳಿದವಳು ನಾನು. ಆ ಒಂದು ಸುದ್ದಿಯನ್ನು ಮಾತ್ರ ನಾನು ಊರಿಗೆ ಸರಿಯಾಗಿ ತಲುಪಿಸಿದೆ.

ಓಗೊಟ್ಟ ಆರು ಮೂಲೆಗಳಿಂದ ಬೆರಳೆಣಿಕೆಯಷ್ಟು ಆಕ್ಷೇಪಣೆ ಹೋಗಿತ್ತು. ಉಳಿದ ಬೀದಿಗಳಿಂದ ಒಂದೂ ಇಲ್ಲ. ಮೇಲಿನ ಅಧಿಕಾರಿಗಳನ್ನು ನಾನು ದೂರುವುದಿಲ್ಲ, ಅವರ ಮುಂದೆ ಇದ್ದದ್ದು ಅಷ್ಟೇ ಹಾಳೆ. ನನ್ನ ಸಿಟ್ಟು ಇರುವುದು ಹೊಡೆದವನ ಮೇಲೆ. ಅವನಿಗಿಂತ ಹೆಚ್ಚು ಖಾಲಿ ಲೋಟ ಕುಡಿದವರ ಮೇಲೆ. ಬೀಗ ಹಾಕಿದವಳ ಮೇಲಿನ ಸಿಟ್ಟಿಗೆ ಇನ್ನೂ ತಳ ಸಿಕ್ಕಿಲ್ಲ. ಬೇಕು ಎನ್ನುವವರು ಬೇಕು ಅನ್ನಲಿ, ಬೇಡ ಎನ್ನುವವರು ಬೇಡ ಅನ್ನಲಿ, ಆಮೇಲೆ ಪಟ್ಟಣವೇ ಆಗಿದ್ದರೂ ನಾನು ಇದನ್ನು ಬರೆಯುತ್ತಿರಲಿಲ್ಲ.

ಊರು ಪಟ್ಟಣವಾಯಿತು. ತಾತ ಮತ್ತೆ ಗ್ರಂಥಾಲಯಕ್ಕೆ ಬರಲಿಲ್ಲ. ತಮಟೆಯನ್ನು ಯಾರೂ ಕಿತ್ತುಕೊಂಡಿರಲಿಲ್ಲ, ಅವರೇ ಮುಟ್ಟಲಿಲ್ಲ. ಎರಡು ತಿಂಗಳ ಮೇಲೆ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ನಾನು ತಪ್ಪಾಯಿತು ಎಂದು ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

"ನೀ ಓದಿದ್ದು ಸರಿ ಇತ್ತವ್ವ. ನಾ ಹೇಳಿದ್ದೂ ಸರಿ ಇತ್ತು. ಅವ್ರೂ ಕೇಳಿಸ್ಕಂಡ್ರು, ನಂಗೊತ್ತು..."

ಮತ್ತೆ ಹಗ್ಗ ಹೊಸೆಯತೊಡಗಿದರು. ಸೊಸೆ ನೀರು ತಂದುಕೊಟ್ಟಳು. ಕುಡಿದು ಬಂದೆ.

ಮರುವರ್ಷದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನನಗೆ ತಿಳಿದದ್ದು ಒಂದು ದಿನ ತಡವಾಗಿ, ಊರಿನ ವಾಟ್ಸಾಪ್ ಗುಂಪಿನಲ್ಲಿ. ಪಡಿತರ ಚೀಟಿಯಿಂದ ತೆಗೆದ ಮಸುಕು ಫೋಟೋ, ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು. ಆ ಸಾಲಿನಲ್ಲಿ ಹೊಡೆದವನದೂ ಒಂದಿತ್ತು.

ಈಗ ಆ ಹೆಂಗಸರು ಬೆಳಗ್ಗೆ ಐದಕ್ಕೆಲ್ಲ ಟೆಂಪೋ ಹತ್ತಿ ಬಳ್ಳಾರಿ ಕಡೆಯ ಮೆಣಸಿನಕಾಯಿ ಹೊಲಗಳಿಗೆ ಹೋಗುತ್ತಾರೆ. ತಾತನ ಸೊಸೆಯೂ ಹೋಗುತ್ತಾಳೆ. ಕೆಲವೊಮ್ಮೆ ಸಂಜೆ ಬಸ್ಸು ಕಾಯುವಾಗ ಸಿಗುತ್ತಾಳೆ. ಬೆರಳುಗಳು ಉರಿಯುತ್ತವೆಂದು ಕೈಯನ್ನು ಸೆರಗಿನಿಂದ ದೂರ ಹಿಡಿದಿರುತ್ತಾಳೆ. ಪಟ್ಟಣದ ಸದಸ್ಯರ ಚುನಾವಣೆ ಇನ್ನೂ ಆಗಿಲ್ಲ. ಚರಂಡಿಗೆ ಅಗೆದ ಗುಂಡಿ ಹೋಟೆಲಿನ ಮುಂದೆ ಹಾಗೇ ಇದೆ.

ಹೋದ ವಾರ ಅಂಟಿಸಿದ ನೋಟಿಸು ಹೊಸ ಕಂದಾಯದ್ದು, ಅಂಗಡಿ ಲೈಸೆನ್ಸಿನದು, ರಸ್ತೆಗೆ ಚಾಚಿದ ಶೀಟುಗಳನ್ನು ತೆಗೆಯಬೇಕು ಎಂಬುದು. ಮಧ್ಯಾಹ್ನ ಹೋಟೆಲಿನವನು ಗ್ರಂಥಾ­ಲಯಕ್ಕೆ ಬಂದ. ಮುಖ ಕೆಂಪಾಗಿತ್ತು. ಅರ್ಜಿ ಬರೆದುಕೊಡಿ ಎಂದು ಕೇಳಿದ. ಅವನ ಹೋಟೆಲಿನ ಮುಂದಿನ ಶೀಟೂ ಹೋಗಬೇಕಿತ್ತು.

"ಊರನ್ನ ಪಟ್ಟಣ ಮಾಡುವಾಗ ನಮ್ಗೆ ಯಾರ್ ಹೇಳಿದ್ರು ಮೇಡಂ? ಒಬ್ರೂ ಒಂದ್ ಮಾತು ಹೇಳ್ಲಿಲ್ಲ."

"ಹೇಳಿದ್ರು" ಅಂದೆ.

ಯಾವಾಗ ಎಂದು ಕೇಳಿದ. ಅವನಿಗೆ ವಾರ ಹೇಳಿದೆ, ಗಂಟೆ ಹೇಳಿದೆ. ಅವನು ಎಲ್ಲಿ ನಿಂತಿದ್ದ, ಕೈಯಲ್ಲಿ ಏನು ಹಿಡಿದಿದ್ದ, ಬೆಂಚಿನ ಮೇಲೆ ಯಾರು ಯಾರು ಕೂತಿದ್ದರು, ನಾನು ಎಲ್ಲಿ ನಿಂತಿದ್ದೆ, ಎಲ್ಲ ಹೇಳಿದೆ. ದನಿ ಏರಿರಬೇಕು. ಪತ್ರಿಕೆ ಓದುತ್ತಿದ್ದವರು ತಲೆಯೆತ್ತಿದರು. ಅವನು ನೆಲ ನೋಡುತ್ತ ಕೇಳಿಸಿಕೊಂಡ. "ಅದು ಹಳೇದಾಯ್ತು ಬಿಡ್ರಿ" ಅಂದ. ನಾನು ಅರ್ಜಿ ಬರೆದುಕೊಡಲಿಲ್ಲ. ಹಾಳೆ, ಪೆನ್ನು ಮುಂದಿಟ್ಟೆ. ಅವನು ಎರಡನ್ನೂ ಅಲ್ಲೇ ಬಿಟ್ಟು ಹೋದ.

ಅವನು ಹೋದ ಮೇಲೆ ಹಾಳೆ, ಪೆನ್ನು ಎತ್ತಿಟ್ಟೆ. ಇಷ್ಟು ಮಾತಾಡಲು ನನಗೆ ಮೂರು ವರ್ಷ ಬೇಕಾಯಿತು. ಅವತ್ತು 'ಕೇಳಿಸ್ತು ತಾತ' ಎಂಬ ಒಂದೇ ಮಾತು ಸಾಕಿತ್ತು. ಅದನ್ನು ಕೇಳಿಸಿಕೊಳ್ಳಲು ಈಗ ಅವರಿಲ್ಲ.